ಸದ್ದಿದೆ, ಅಕ್ಷರವಿಲ್ಲ

ಮೊದಲು ಕೈಕೊಟ್ಟದ್ದು ಗುಡಿಸಿನ ಕೀ. ಎಡಗೈ ತೋರುಬೆರಳಿನ ಕೆಳಗೆ ಕೂತಿರುವುದು. ಒತ್ತಿದರೆ ಎಂದಿನಂತೆ ‘ಟಕ್’ ಎನ್ನುತ್ತಿತ್ತು, ಪರದೆಯ ಮೇಲೆ ಮಾತ್ರ ಗುಡಿಸು ಬೀಳುತ್ತಿರಲಿಲ್ಲ. ಅದು ನನಗೆ ಆಗಲೇ ಗೊತ್ತಾಗಲಿಲ್ಲ. ನನ್ನ ಕಣ್ಣಿನ ನಟ್ಟನಡುವೆ ಒಂದು ಮಬ್ಬು ಬಂದು ಕೂತಿದೆ. ಯಾವುದನ್ನು ನೇರ ನೋಡುತ್ತೇನೋ ಅದೇ ಮಾಯ, ಅದರ ಅಕ್ಕಪಕ್ಕದ್ದು ಮಾತ್ರ ಕಾಣುತ್ತದೆ. ಇದಕ್ಕೆ ಕನ್ನಡಕವೂ ಇಲ್ಲ, ಆಪರೇಷನ್ನೂ ಇಲ್ಲ, ಹೊಂದಿಕೊಂಡು ಹೋಗಬೇಕು ಎಂದು ಕಣ್ಣಿನ ಡಾಕ್ಟರು ಹೇಳಿದ್ದರು. ಹೊಂದಿಕೊಂಡಿದ್ದೆ. ಬೆರಳಚ್ಚಿನವರಿಗೆ ಕಣ್ಣು ಬೇಕೇ ಬೇಕು ಅಂತೇನಿಲ್ಲ. ‘ಟಕ್’ ಎಂದರೆ ಅಕ್ಷರ ಬಿತ್ತು ಎಂದೇ ನಮ್ಮ ಬೆರಳುಗಳ ನಂಬಿಕೆ. ಆ ನಂಬಿಕೆಯ ಮೇಲೆಯೇ ಒಂದಿಡೀ ಸಭೆಯ ನಡಾವಳಿಯನ್ನು ಗುಡಿಸಿಲ್ಲದೆ ಟೈಪ್ ಮಾಡಿ ಕಳಿಸಿಬಿಟ್ಟಿದ್ದೆ. ‘ಸಮಿತಿ’ ಇರಬೇಕಾದಲ್ಲೆಲ್ಲ ‘ಸಮತ’ ಆಗಿ ಕೂತಿತ್ತು.

ಕೆಲಸ ಕೊಡುವಾಕೆ ಫೋನ್ ಮಾಡಿದಳು. ಆಕೆಯ ಮುಖವನ್ನು ನಾನು ನೋಡಿಲ್ಲ. ಏಜೆನ್ಸಿಯವಳು, ದನಿ ಕೇಳಿದರೆ ನನ್ನ ಮಗಳ ವಯಸ್ಸಿರಬಹುದು, ಮಗಳಿದ್ದಿದ್ದರೆ. ಒಳ್ಳೆಯವಳೇ. ಬೈಯಲಿಲ್ಲ. ಕಳಿಸಿದ್ದು ಹಾಗೆಯೇ ಗಿರಾಕಿಯ ಕೈ ಸೇರಿಬಿಟ್ಟಿತು, ಅಲ್ಲಿಂದ ಮಾತು ಬಂತು ಎಂದಳು. ಕೊನೆಗೆ ದನಿ ತಗ್ಗಿಸಿ, “ಮುಂದಿನ ಸಭೇದು ಬರೋಷ್ಟರಲ್ಲಿ ಸರಿ ಮಾಡ್ಕೊಂಡುಬಿಡಿ ಅಮ್ಮ. ಇನ್ನೊಂದು ಸಲ ಹೀಗಾದ್ರೆ ನನ್ನ ಕೈಲೇನೂ ಇರಲ್ಲ” ಎಂದಳು.

ನಾನು ಮಾಡುವ ಕೆಲಸ ಇಷ್ಟೇ. ನಾನು ಕಂಡೇ ಇರದ ಒಂದು ಊರಿನ ಪುರಸಭೆ ಪ್ರತಿ ತಿಂಗಳು ಸೇರುತ್ತದೆ. ಅಲ್ಲಿ ಆಡಿದ ಮಾತೆಲ್ಲ ಧ್ವನಿಮುದ್ರಣವಾಗಿ ನನ್ನ ಮೇಜಿಗೆ ಬರುತ್ತದೆ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಕಾಲಿನ ಕೆಳಗಿನ ಪೆಡಲ್ ಒತ್ತುತ್ತ ಬಿಡುತ್ತ ಅದನ್ನು ಅಕ್ಷರಕ್ಕೆ ಇಳಿಸುತ್ತೇನೆ. ಆ ಊರಿನ ಬೀದಿ ಎಷ್ಟು ಅಗಲವಿದೆಯೋ ನನಗೆ ತಿಳಿಯದು, ಆದರೆ ಅಲ್ಲಿ ಯಾವ ಮೋರಿ ಕಟ್ಟಿಕೊಂಡಿದೆ, ಯಾರ ಕಾಂಪೌಂಡು ಯಾರ ಜಾಗಕ್ಕೆ ಒತ್ತರಿಸಿದೆ ಎಂಬುದೆಲ್ಲ ಬಾಯಿಪಾಠ. ಮಾತಾಡುವವರಿಗೆ ನಾನೇ ಹೆಸರಿಟ್ಟುಕೊಂಡಿದ್ದೇನೆ. ಪೆನ್ನಿನಿಂದ ಮೇಜು ಕುಟ್ಟುವವರು ಅಧ್ಯಕ್ಷರು. ಒಬ್ಬರು ಕೆಮ್ಮು. ಒಬ್ಬರು ‘ಅಂದ್ರೆ’, ಏಕೆಂದರೆ ಪ್ರತಿ ಮಾತಿಗೂ ‘ಅಂದ್ರೆ, ಅಂದ್ರೆ’ ಎನ್ನುತ್ತಾರೆ. ಒಬ್ಬ ಹೆಂಗಸಿದ್ದಾಳೆ, ಆಕೆ ನಿಟ್ಟುಸಿರು. ಹೋದ ವರ್ಷ ಕೆಮ್ಮು ಸತತವಾಗಿ ಕೆಲವು ಸಭೆಗೆ ಬರದಿದ್ದಾಗ ನನಗೆ ಊಟ ಸೇರಿರಲಿಲ್ಲ. ಮತ್ತೆ ಬಂದು ಕೆಮ್ಮಿದ ದಿನ ಧ್ವನಿಯನ್ನು ಹಿಂದಕ್ಕೆ ಓಡಿಸಿ ಆ ಕೆಮ್ಮನ್ನು ಇನ್ನೊಂದು ಸಲ ಕೇಳಿದ್ದೆ.

ಮನೆಯಲ್ಲಿ ನನಗೆ ಕೇಳುವ ದನಿಗಳೆಂದರೆ ಇವೇ. ಮಹಡಿಯ ಮೇಲಿನ ಒಂಟಿ ಕೋಣೆ, ಕಿಟಕಿಯಾಚೆ ಹಿಂದಿನ ಮನೆಯ ಬೆನ್ನು ಗೋಡೆ. ಯಜಮಾನರು ಹೋಗಿ ಬಹಳ ಕಾಲವಾಯಿತು. ಭಾನುವಾರ ತಮ್ಮ ಫೋನ್ ಮಾಡುತ್ತಾನೆ. ಹೇಗಿದ್ದೀ ಅಕ್ಕ ಎನ್ನುತ್ತಾನೆ, ಚೆನ್ನಾಗಿದ್ದೀನಿ ಕಣೋ ಎನ್ನುತ್ತೇನೆ, ಅಷ್ಟರಲ್ಲಿ ಅವನ ಹೆಂಡತಿ ಊಟಕ್ಕೆ ಕರೆಯುತ್ತಾಳೆ. ಈ ಕೆಲಸ ಹೋದರೆ ಹೊಟ್ಟೆಗೆ ತೊಂದರೆಯಾಗದು, ಪಿಂಚಣಿ ಬರುತ್ತದೆ. ಕಿವಿ ಖಾಲಿಯಾಗುತ್ತದೆ. ನನ್ನ ಭಯ ಅದೊಂದೇ.

ನನ್ನ ಕೀಬೋರ್ಡು ಹಳೆಯ ಕಾಲದ್ದು. ಹಿಂದೆ ಕೆಲಸ ಮಾಡುತ್ತಿದ್ದ ಕಚೇರಿಯ ಬೆರಳಚ್ಚು ವಿಭಾಗ ಮುಚ್ಚಿದಾಗ, ಯಾರು ಯಾವುದರ ಮೇಲೆ ಕೂತಿದ್ದರೋ ಅದನ್ನೇ ಮನೆಗೆ ಒಯ್ಯಿರಿ ಎಂದಿದ್ದರು. ಬೂದಿ ಬಣ್ಣ, ಒಳಗೆ ಕಬ್ಬಿಣದ ತಗಡು, ಎರಡೂ ಕೈ ಹಾಕಿ ಎತ್ತಬೇಕು. ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತು ಮುಗಿಸಿದ ಮೇಲೆ ನಾನು ಕಲಿತ ಮೊದಲ ಮತ್ತು ಕೊನೆಯ ಯಂತ್ರ ಅದು. ಬೆರಳು ಎಷ್ಟು ಕೆಳಗೆ ಹೋದರೆ ‘ಟಕ್’ ಬರುತ್ತದೆ ಎನ್ನುವುದು ಮೆಟ್ಟಿಲ ಎತ್ತರದ ಹಾಗೆ ಮೈಗೆ ಗೊತ್ತು.

ಗುಡಿಸಿನ ಹಿಂದೆಯೇ ಒತ್ತಕ್ಷರದ ಕೀ ಹೋಯಿತು. ಆಮೇಲೆ ಬಲಗೈಯ ‘ರ’. ಮೂರೂ ಸದ್ದು ಮಾಡುತ್ತವೆ, ಅಕ್ಷರ ಕೊಡುವುದಿಲ್ಲ.

ಕೀಬೋರ್ಡನ್ನು ಗಂಟು ಕಟ್ಟಿಕೊಂಡು ಹಳೇ ಸಾಮಾನಿನ ಬೀದಿಗೆ ಹೋದೆ. ಎರಡೂ ಕಡೆ ಅಂಗಡಿಗಳ ಹೊಟ್ಟೆಯಿಂದ ತಂತಿಗಳು ಜೋತುಬಿದ್ದಿರುವ ಬೀದಿ. ಒಬ್ಬ ಅಂಗಡಿಯವ ಚಪಾತಿಯ ಹಾಗೆ ತೆಳ್ಳಗಿದ್ದದ್ದನ್ನು ಕೊಟ್ಟ, ಒತ್ತಿದರೆ ಒತ್ತಿದ ಹಾಗೇ ಇಲ್ಲ. ಸದ್ದು ಬರುವಂಥದ್ದು ಬೇಕು ಎಂದೆ. ಪಕ್ಕದವ ಬಣ್ಣಬಣ್ಣದ ದೀಪ ಹೊತ್ತಿಕೊಳ್ಳುವ ಒಂದನ್ನು ತೋರಿಸಿದ. ಅದು ಆಟ ಆಡುವವರು ಕೊಳ್ಳುವಂಥದ್ದಂತೆ. ಕೈಯಿಟ್ಟು ನೋಡಿದೆ. ಸದ್ದೇನೋ ಇತ್ತು, ಬೆರಳು ಇನ್ನೂ ಇಳಿಯುವ ಮೊದಲೇ ಬಂದುಬಿಡುತ್ತಿತ್ತು. ಮುಗಿಯಿತು ಎಂದುಕೊಂಡು ಎತ್ತಿದರೆ ಮುಗಿದಿರುತ್ತಿರಲಿಲ್ಲ, ಮುಗಿದಿಲ್ಲವೆಂದು ಒತ್ತಿದರೆ ಎರಡೆರಡು ಬೀಳುತ್ತಿತ್ತು. ಅದರ ದೀಪಗಳೋ, ನನ್ನ ಕಣ್ಣಿನ ಮಬ್ಬಿನ ಸುತ್ತ ಸಂತೆ ಕಟ್ಟಿದವು. ಕಲಿತುಕೊಂಡರೆ ಕಲಿಯಬಹುದಿತ್ತು. ಈ ವಯಸ್ಸಿನಲ್ಲಿ ಬೆರಳಿಗೆ ಹೊಸದಾಗಿ ಮೆಟ್ಟಿಲು ಕಲಿಸಲು ಎಷ್ಟು ಕಾಲ ಹಿಡಿಯುತ್ತದೋ, ಅಲ್ಲಿಯವರೆಗೆ ಪುರಸಭೆ ಕಾಯಬೇಕಲ್ಲ.

ಅವನೇ ರಿಪೇರಿಯವನ ದಾರಿ ತೋರಿಸಿದ್ದು. ಒಂದು ಬಟ್ಟೆ ಅಂಗಡಿಯ ಮೆಟ್ಟಿಲ ಕೆಳಗಿನ ಸಂದಿಯಲ್ಲಿ ಅವನ ಜಾಗ. ರೇಡಿಯೋ, ಮಿಕ್ಸಿ, ಕಿವಿಯ ಯಂತ್ರ, ಏನು ಕೊಟ್ಟರೂ ಬಿಚ್ಚುತ್ತಾನೆ. ನಡುವಯಸ್ಸು ದಾಟಿದವನು, ಕನ್ನಡಕವನ್ನು ಹಣೆಗೇರಿಸಿಕೊಂಡು ಕನ್ನಡಕ ಹುಡುಕುವ ಜಾತಿ. ನನ್ನ ಗಂಟನ್ನು ಬಿಚ್ಚಿ, ಕೈಯಲ್ಲಿ ತೂಗಿ ನೋಡಿದ.

“ಇದನ್ನ ಕಾಲ ಮೇಲೆ ಬೀಳಿಸ್ಕೋಬೇಡಿ ಅಮ್ಮ. ಕಾಲನ್ನ ನಾನು ರಿಪೇರಿ ಮಾಡಲ್ಲ.”

ಕೀಯ ಟೋಪಿಯನ್ನು ಕಿತ್ತು, ಕೆಳಗಿನ ಪುಟ್ಟ ಡಬ್ಬಿಯನ್ನು ಬೆಸುಗೆ ಬಿಡಿಸಿ ತೆಗೆದು, ಭೂತಗನ್ನಡಿಯಡಿ ಇಟ್ಟು ತೋರಿಸಿದ. ನಾನು ಓರೆಗಣ್ಣಿನಲ್ಲಿ ನೋಡಿದೆ. ಪ್ರತಿ ಕೀಯ ಕೆಳಗೂ ಅಂಥ ಒಂದು ಸ್ವಿಚ್ಚು. ಒಳಗೆ ಒಂದು ಸ್ಪ್ರಿಂಗು, ಒಂದು ಪುಟ್ಟ ಎಲೆ, ಎದುರು ಬದುರಾಗಿ ಎರಡು ತಾಮ್ರದ ನಾಲಗೆ. ಎಲೆ ಹಾರಿದರೆ ಸದ್ದು, ನಾಲಗೆಗಳು ಮುಟ್ಟಿದರೆ ಅಕ್ಷರ. ಎಲೆ ಚೆನ್ನಾಗಿತ್ತು. ನಾಲಗೆ ಸವೆದು ಕಾಗದವಾಗಿತ್ತು.

ಹೊಸ ಸ್ವಿಚ್ಚು ಹಾಕಲು ಬರುವುದಿಲ್ಲ, ಕಾಲುಗಳು ಈ ತೂತಿಗೆ ಕೂರುವುದಿಲ್ಲ ಎಂದ. ಇಂಥದ್ದೇ ಇನ್ನೊಂದು ಕೀಬೋರ್ಡು, ಕೆಟ್ಟದ್ದಾದರೂ ಅಡ್ಡಿಯಿಲ್ಲ, ಹುಡುಕಿ ತಂದರೆ ಅದರದ್ದನ್ನು ತೆಗೆದು ಇದಕ್ಕೆ ಹಾಕುವುದಾಗಿ ಹೇಳಿದ. ಎಲ್ಲಿ ಸಿಗುತ್ತದೆ ಎಂದು ಕೇಳಿದೆ. ಅಂಗಡಿಯಲ್ಲಂತೂ ಇಲ್ಲ, ಇಂಥದ್ದರ ಮೇಲೆ ಕೆಲಸ ಮಾಡಿದ ಇನ್ನೊಬ್ಬರು ಯಾರಾದರೂ ಬದುಕಿದ್ದರೆ ಅವರ ಅಟ್ಟದಲ್ಲಿ ಎಂದ.

ಬದುಕಿದ್ದವಳು ಒಬ್ಬಳೇ. ಸುಂಟರಗಾಳಿ.

ಬೆರಳಚ್ಚು ವಿಭಾಗದಲ್ಲಿ ನನ್ನ ಎದುರು ಮೇಜಿನವಳು ಅವಳು. ಟೈಪ್ ಮಾಡುವ ವೇಗಕ್ಕೆ ಆ ಹೆಸರು ಬಿದ್ದದ್ದು. ನನ್ನನ್ನು ನಿಧಾನಿ ಎನ್ನುತ್ತಿದ್ದರು. ಇಬ್ಬರ ಮೇಜುಗಳ ಅಂಚು ಒಂದಕ್ಕೊಂದು ತಗುಲಿತ್ತು, ಅವಳ ಮುಖಕ್ಕಿಂತ ಹೆಚ್ಚಾಗಿ ನಾನು ಅವಳ ಕೈ ನೋಡಿದವಳು. ಒಂದೇ ಬಗೆಯ ಕಾಗದ, ಒಂದೇ ಬಗೆಯ ವರದಿ. ಕೋಷ್ಟಕ, ಅಂಕಿಸಂಖ್ಯೆ ಬಂದರೆ ಮಾತ್ರ ಅವಳ ಪಾಲು, ನನಗೆ ಸಂಖ್ಯೆ ಕಂಡರೆ ಆಗದು. ಮಧ್ಯಾಹ್ನದ ಬುತ್ತಿಯನ್ನು ಹಂಚಿಕೊಂಡು ತಿಂದವರು. ವಿಭಾಗ ಮುಚ್ಚಿತು, ಬರುತ್ತಿರು ಹೋಗುತ್ತಿರು ಅಂದುಕೊಂಡೆವು, ಬರಲಿಲ್ಲ ಹೋಗಲಿಲ್ಲ. ಜಗಳವೇನೂ ಇಲ್ಲ. ಜಗಳವಾಗಿದ್ದರೆ ರಾಜಿ ಮಾಡಿಕೊಳ್ಳಲಿಕ್ಕಾದರೂ ಒಮ್ಮೆ ಹೋಗುತ್ತಿದ್ದೆನೋ ಏನೋ.

ಅವಳು ಈಗ ಇರುವುದು ಮಗಳ ಮನೆಯಲ್ಲಿ, ಬಸ್ಸಿನ ಕೊನೆಯ ನಿಲ್ದಾಣದಾಚೆ, ನೆಲಮಹಡಿ. ಮಗಳು ಬಾಗಿಲು ತೆಗೆದಾಗ ನನ್ನನ್ನು ಗುರುತಿಸಲು ಸ್ವಲ್ಪ ಹೊತ್ತು ಹಿಡಿಯಿತು, ಆಮೇಲೆ “ಚಿಕ್ಕಮ್ಮಾ” ಎಂದು ಕೈ ಹಿಡಿದುಕೊಂಡಳು. ಒಳಗೆ ಕರೆದೊಯ್ಯುವಾಗ ನನ್ನ ಕಿವಿಯ ಹತ್ತಿರ ಬಂದು, ಅಮ್ಮನಿಗೆ ಮರೆವು ಜಾಸ್ತಿ, ಯಾರದೂ ಗುರುತಿಲ್ಲ, ಬೇಜಾರು ಮಾಡಿಕೊಳ್ಳಬೇಡಿ ಎಂದಳು.

ಬಾಗಿಲಿಂದಲೇ ನನಗೆ ಆ ಸದ್ದು ಕೇಳಿತ್ತು. ಟಕಟಕ, ಟಕ್.

ಸುಂಟರಗಾಳಿ ಕುರ್ಚಿಯ ಮೇಲೆ ಕಾಲು ಜೋಡಿಸಿ ನೆಟ್ಟಗೆ ಕೂತಿದ್ದಳು. ಮಡಿಲಲ್ಲಿ ಕೀಬೋರ್ಡು. ತಂತಿಯನ್ನು ಸುತ್ತಿ ರಬ್ಬರ್ ಬ್ಯಾಂಡ್ ಹಾಕಿತ್ತು, ಯಾವ ಕಂಪ್ಯೂಟರಿಗೂ ಸಿಕ್ಕಿಸಿರಲಿಲ್ಲ. ಮಗಳು “ಅಮ್ಮಾ, ಯಾರು ಬಂದಿದ್ದಾರೆ ನೋಡು” ಎಂದಳು. ಅವಳು ನೋಡಲಿಲ್ಲ. ಕೈ ಓಡಿತು. ನೇರ ನೋಡಿದರೆ ನನಗೆ ಆ ಕೈಗಳು ಕಾಣವು, ಆದ್ದರಿಂದ ಅವಳ ಭುಜದ ಕಡೆ ನೋಡುತ್ತ ಓರೆಯಲ್ಲಿ ಕೈ ನೋಡಿದೆ. ಅಷ್ಟು ವರ್ಷ ಎದುರಿಗೆ ಕೂತು ನೋಡಿದ್ದು. ಬೆರಳು ಎಲ್ಲೆಲ್ಲಿ ಹೋಗುತ್ತದೆ ಎನ್ನುವುದರಲ್ಲೇ ಓದಿಬಿಟ್ಟೆ. ಅಮ್ಮಾ ಯಾರು ಬಂದಿದ್ದಾರೆ ನೋಡು, ಎಂದು ಟೈಪ್ ಮಾಡುತ್ತಿದ್ದಳು.

ನಾನು ಹತ್ತಿರ ಹೋಗಿ, “ಚೆನ್ನಾಗಿದ್ದೀಯೇನೇ?” ಎಂದೆ. ಚೆನ್ನಾಗಿದ್ದೀಯೇನೇ, ಎಂದು ಟೈಪ್ ಮಾಡಿದಳು. ಪ್ರಶ್ನಾರ್ಥಕ ಚಿಹ್ನೆ ಸಮೇತ. ಆಮೇಲೆ ಬೆರಳುಗಳನ್ನು ಕೀಗಳ ಮೇಲೆ ಹಗುರವಾಗಿ ಇಟ್ಟುಕೊಂಡು ಮುಂದಿನ ಮಾತಿಗೆ ಕಾದಳು.

ಮಗಳು ಕಾಫಿ ತರುತ್ತ ಗೋಳು ಹೇಳಿಕೊಂಡಳು. ಟೀವಿ ಹಾಕಿದರೆ ವಾರ್ತೆಯೆಲ್ಲ ಟೈಪ್ ಆಗುತ್ತದಂತೆ, ಜಾಹೀರಾತು ಕೂಡ ಬಿಡುವುದಿಲ್ಲ. ಪಕ್ಕದ ಮನೆಯವರು ಬಂದು ಕೂತು, ಇದೇನು ಪೊಲೀಸ್ ಠಾಣೆಯಾ, ಹೇಳಿಕೆ ಬರೆಸಿಕೊಳ್ಳುತ್ತಾರಲ್ಲ ಎಂದು ನಕ್ಕು ಹೋದರಂತೆ. “ನಾನು ನಮ್ಮನೆಯವರ ಜೊತೆ ಜಗಳ ಆಡಿದ್ರೆ ಅದನ್ನೂ ಕುಟ್ತಾಳೆ ಚಿಕ್ಕಮ್ಮ. ಬೈಯೋ ಮೊದಲು ಯೋಚನೆ ಮಾಡೋ ಹಾಗಾಗಿದೆ.” ತಾನು ಮನೆಯಿಂದಲೇ ಕೆಲಸ ಮಾಡುವವಳು, ದಿನವಿಡೀ ಈ ಸದ್ದು ತಲೆಯೊಳಗೆ ಮೊಳೆ ಹೊಡೆಯುತ್ತದೆ ಎಂದಳು. ಅವಳ ಕಣ್ಣ ಕೆಳಗಿನ ಕಪ್ಪು ನನ್ನ ಓರೆನೋಟಕ್ಕೂ ಕಂಡಿತು.

ನಾನು ಬಂದ ಕೆಲಸ ಹೇಳಿದೆ. ಮಾತು ಮುಗಿಯುವ ಮೊದಲೇ ಎದ್ದುಬಿಟ್ಟಳು.

“ತಗೊಂಡುಹೋಗಿ. ವಾಪಸ್ ತರದಿದ್ರೂ ಪರವಾಗಿಲ್ಲ. ಎಲ್ಲೋಯ್ತು ಅಂತ ಕೇಳೋಕೂ ಅವಳಿಗೆ ಗೊತ್ತಾಗಲ್ಲ.”

ಸುಂಟರಗಾಳಿ ಅದನ್ನೂ ಟೈಪ್ ಮಾಡಿದಳು. ನಾನು ಓದಿದೆ.

ಊಟವಾದ ಮೇಲೆ ಅವಳಿಗೆ ಜೋಂಪು ಹತ್ತಿತು. ಮಗಳು ಮಡಿಲಿಂದ ಮೆಲ್ಲಗೆ ಕೀಬೋರ್ಡು ಎತ್ತಿ, ಒಂದು ಟವೆಲಿನಲ್ಲಿ ಸುತ್ತಿ ನನ್ನ ಚೀಲಕ್ಕೆ ಹಾಕಿದಳು. ಹೊಸಿಲು ದಾಟುವಾಗ ತಿರುಗಿ ನೋಡಿದೆ. ನಿದ್ದೆಯಲ್ಲೇ ಅವಳ ಬೆರಳುಗಳು ಸೀರೆಯ ಮೇಲೆ ಆಡುತ್ತಿದ್ದವು, ಸದ್ದಿಲ್ಲದೆ. ಅದು ಏನೆಂದು ಓದಲು ಹೋಗಲಿಲ್ಲ. ಬಸ್ಸಿನಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಯಾರ ಮಗುವನ್ನೋ ಎತ್ತಿಕೊಂಡು ಬಂದವಳ ಹಾಗೆ ಕೂತಿದ್ದೆ.

ರಿಪೇರಿಯವನು ಖುಷಿಪಟ್ಟ. ಒಂದೇ ಗರ್ಭದ್ದು ಎಂದ. ಮೊದಲು ಎಲ್ಲ ಕೀ ಪರೀಕ್ಷೆ ಮಾಡೋಣವೆಂದು ಅವಳ ಕೀಬೋರ್ಡಿನ ತಂತಿ ಬಿಚ್ಚಿ ತನ್ನ ಹಳೇ ಕಂಪ್ಯೂಟರಿಗೆ ಸಿಕ್ಕಿಸಿದ. ಒಂದೊಂದೇ ಒತ್ತುತ್ತ ಬಂದ. ಗುಡಿಸು ಒತ್ತಿದ, ‘ಟಕ್’ ಎಂದಿತು, ಪರದೆ ಖಾಲಿ. ಒತ್ತಕ್ಷರ, ಖಾಲಿ. ಬಲಗೈಯ ‘ರ’, ಖಾಲಿ. ಅವನು ಕನ್ನಡಕವನ್ನು ಹಣೆಯಿಂದ ಇಳಿಸಿ ನನ್ನನ್ನು ನೋಡಿದ, ಕೀಬೋರ್ಡನ್ನು ನೋಡಿದ, ಮತ್ತೆ ನನ್ನನ್ನು ನೋಡಿದ.

“ಇದೇನಮ್ಮ, ಅದೇ ಮೂರು! ಇಬ್ಬರೂ ಮಾತಾಡ್ಕೊಂಡು ಕೆಡಿಸಿದ್ರಾ?”

ನನಗೆ ನಗು ಬಂತು. ಬಹಳ ದಿನದ ಮೇಲೆ ಬಾಯಿ ತೆರೆದು ನಕ್ಕೆ, ಬಟ್ಟೆ ಅಂಗಡಿಯ ಮೆಟ್ಟಿಲ ಮೇಲಿದ್ದವರು ಬಗ್ಗಿ ನೋಡುವಷ್ಟು. ಬುದ್ಧಿ ಇರುವ ಯಾರಿಗಾದರೂ ಮೊದಲೇ ಹೊಳೆಯಬೇಕಿತ್ತು. ಎದುರೆದುರು ಕೂತು, ಒಂದೇ ಭಾಷೆಯ ಒಂದೇ ವರದಿಗಳನ್ನು, ಅದೇ ‘ಸಮಿತಿ’, ಅದೇ ‘ತೀರ್ಮಾನಿಸಿತು’ ಎಂದು ಜೀವಮಾನವೆಲ್ಲ ಕುಟ್ಟಿದವರು. ಅವಳು ವೇಗ, ನಾನು ನಿಧಾನ. ಆದರೂ ಸವೆದದ್ದು ಒಂದೇ ಜಾಗ. ಊರೆಲ್ಲ ಹುಡುಕಿ ನಾನು ತಂದದ್ದು ನನ್ನದೇ ಕೀಬೋರ್ಡಿನ ಕೆಟ್ಟುಹೋದ ಜೊತೆಯನ್ನು.

ಅವನು ಕೈಬಿಡಲಿಲ್ಲ. ಎಲ್ಲ ಕೀಯ ಕೆಳಗೂ ಒಂದೇ ಥರದ ಸ್ವಿಚ್ಚಲ್ಲವೇ, ಮೇಲಿನ ಟೋಪಿ ಮಾತ್ರ ಬೇರೆ. ಬಲಗಡೆ ಸಂಖ್ಯೆಗಳ ಗುಂಪಿದೆಯಲ್ಲ, ಅಲ್ಲಿಂದ ಮೂರು ತೆಗೆದರಾಯಿತು ಎಂದ. ಹಾಗಾದರೆ ನನ್ನದರಿಂದಲೇ ತೆಗೆಯಪ್ಪ, ಅವಳದ್ದನ್ನು ಯಾಕೆ ಮುಟ್ಟಬೇಕು ಎಂದೆ. ನನ್ನದರ ಆ ಗುಂಪನ್ನು ಬಿಚ್ಚಿ ತೋರಿಸಿದ. ನಾನು ಆ ಕಡೆ ಬೆರಳೇ ಹಾಕಿದವಳಲ್ಲ, ನಾಲಗೆಗಳೆಲ್ಲ ಕಿಲುಬು ಹಿಡಿದು ಕಪ್ಪಾಗಿದ್ದವು. ಅವಳದು ಮಾತ್ರ ಕೋಷ್ಟಕ ಟೈಪ್ ಮಾಡಿ ಮಾಡಿ ಹದವಾಗಿ ಬೆಳಗಿತ್ತು.

“ತೆಗೆದ ಜಾಗದಲ್ಲಿ ತೂತು ಉಳಿಯುತ್ತೆ ಅಷ್ಟೇ. ಹೆಂಗೂ ಅವರೇನು ಕಂಪ್ಯೂಟರಿಗೆ ಹಾಕಲ್ವಲ್ಲ” ಎಂದು ಬೆಸುಗೆ ಕಡ್ಡಿ ಕಾಯಲು ಇಟ್ಟ.

ಸುಂಟರಗಾಳಿಯ ಎದುರಿಗೆ ಯಾರೋ ಒಂದು ಸಂಖ್ಯೆ ಹೇಳುತ್ತಾರೆ. ಟೀವಿಯಲ್ಲೋ, ಮಗಳ ಫೋನಿನಲ್ಲೋ. ಅವಳ ಬಲಗೈ ಬಲಕ್ಕೆ ಸರಿಯುತ್ತದೆ, ಬೆರಳು ಕೆಳಗೆ ಇಳಿಯುತ್ತದೆ, ಅಲ್ಲಿ ಏನೂ ಇಲ್ಲ. ಅದು ನನ್ನ ಕಣ್ಣ ಮುಂದೆ ಬಂತು. ಈ ಒಂದನ್ನು ನಾನು ನೇರವಾಗಿಯೇ ನೋಡಿದೆ.

ತಡಿ ಎಂದೆ. ಅವನು ಕಡ್ಡಿ ಹಿಡಿದವನು ಹಾಗೇ ನಿಂತ.

“ನನ್ನ ಸವೆದ ಮೂರನ್ನ ಅವಳ ತೂತಿಗೆ ಹಾಕಪ್ಪ.”

“ಅದು ಕೆಲಸ ಮಾಡಲ್ವಲ್ಲಮ್ಮ.”

“ಅವಳಿಗೆ ಕೆಲಸ ಮಾಡೋದು ಬೇಕಾಗಿಲ್ಲ. ಸದ್ದು ಬಂದ್ರೆ ಸಾಕು.”

ಅವನು ಎರಡೂ ಹಲಗೆಗಳನ್ನು ಮಗುಚಿ ಹಾಕಿ, ಒಂದರದ್ದನ್ನು ಒಂದಕ್ಕೆ, ಇನ್ನೊಂದರದ್ದನ್ನು ಇನ್ನೊಂದಕ್ಕೆ ಕೂರಿಸುತ್ತ ಹೋದ. ಬೆಸುಗೆಯ ಹೊಗೆ ಮೆಟ್ಟಿಲ ಸಂದಿಯಿಂದ ಮೇಲೇರಿ ಬಟ್ಟೆ ಅಂಗಡಿಯವರು ಗೊಣಗಿದರು. ಕೆಲಸ ಮುಗಿಯುವವರೆಗೂ ನಾನು ಅಲ್ಲೇ ಒಂದು ಸ್ಟೂಲಿನ ಮೇಲೆ ಕೂತಿದ್ದೆ. ಟೋಪಿಗಳನ್ನು ಹಾಕುವ ಮೊದಲು ಒಂದೊಂದನ್ನೂ ತನ್ನ ಅಂಗಿಯ ತುದಿಯಿಂದ ಒರೆಸಿದ. ಅದನ್ನು ನಾನು ಕೇಳಿರಲಿಲ್ಲ.

ಅವಳದನ್ನು ಹಿಂತಿರುಗಿಸಲು ಮಾರನೆಯ ದಿನ ಬೆಳಿಗ್ಗೆಯೇ ಹೋದೆ. ಮಗಳು ಬಾಗಿಲು ತೆಗೆದವಳು ಮೊದಲು ಚೀಲ ನೋಡಿದಳು. ಅಮ್ಮ ಕುರ್ಚಿಯ ತೋಳನ್ನು ಕುಟ್ಟಿ ಕುಟ್ಟಿ ಬೆರಳ ತುದಿ ಕೆಂಪು ಮಾಡಿಕೊಂಡಿದ್ದಾಳೆ, ನಿನ್ನೆ ಸಂಜೆಯಿಂದ ಒಂದು ತುತ್ತು ಬಾಯಿಗಿಟ್ಟಿಲ್ಲ ಎಂದಳು. ಒಳಗೆ ಕರೆದೊಯ್ಯುತ್ತ, “ಮನೇಲಿ ಸದ್ದಿಲ್ಲದೆ ನನಗೂ ಕೆಲಸ ಮಾಡೋಕಾಗ್ಲಿಲ್ಲ ಚಿಕ್ಕಮ್ಮ, ಇದೊಳ್ಳೆ ಗ್ರಹಚಾರ” ಎಂದಳು.

ಮಡಿಲಿಗೆ ಇಟ್ಟೆ. ಸುಂಟರಗಾಳಿ ನನ್ನತ್ತ ತಲೆಯೆತ್ತಲಿಲ್ಲ, ಅಂಗೈಗಳಿಂದ ಅದರ ಎರಡು ಬದಿಯನ್ನೂ ಒಮ್ಮೆ ಸವರಿ ಬೆರಳುಗಳನ್ನು ಅವುಗಳ ಜಾಗದಲ್ಲಿ ಇಟ್ಟಳು. ನಾನು ಪರೀಕ್ಷೆಗೆಂದು ಬಸ್ಸಿನ ನಂಬರು ಹೇಳಿದೆ. ಕೈ ಬಲಕ್ಕೆ ಸರಿಯಿತು. ಟಕ್, ಟಕ್, ಟಕ್. ಎಲ್ಲ ಸರಿಯಾಗಿತ್ತು.

ಆಮೇಲೆ ಅವಳ ಎದುರು ಕುರ್ಚಿ ಹಾಕಿಕೊಂಡು ಕೂತೆ. ಬಂದ ದಾರಿಯ ಬಗ್ಗೆ ಹೇಳಿದೆ, ರಿಪೇರಿಯವನು ನನ್ನನ್ನು ನಗಿಸಿದ್ದು ಹೇಳಿದೆ. ನಾವಿಬ್ಬರೂ ಒಂದೇ ಜಾಗದಲ್ಲಿ ಸವೆದಿದ್ದೇವೆ ಕಣೇ ಎಂದೆ. ಎಲ್ಲವನ್ನೂ ಅವಳು ತಪ್ಪಿಲ್ಲದೆ ಟೈಪ್ ಮಾಡಿದಳು. ನನ್ನ ಮಾತು ಮುಗಿಯಿತು. ಬೆರಳಿಟ್ಟುಕೊಂಡು ಕಾದಳು. ನಾನೂ ಕಾದೆ. ಹೊರಗೆ ಯಾರೋ ಸ್ಕೂಟರ್ ಒದ್ದು ಒದ್ದು ಶುರುಮಾಡಲು ನೋಡುತ್ತಿದ್ದರು. ಇಬ್ಬರೂ ಕೇಳುವ ಕೆಲಸದವರೇ ಆಗಿಬಿಟ್ಟಿದ್ದೆವು, ಆಡುವವರು ಅಲ್ಲಿ ಯಾರೂ ಇರಲಿಲ್ಲ. ಬರುತ್ತೇನೆ ಎಂದೆ. ಬರುತ್ತೇನೆ, ಎಂದು ಟೈಪ್ ಮಾಡಿದಳು.

ತಿಂಗಳ ಸಭೆಯ ಧ್ವನಿಮುದ್ರಣ ಬಂತು. ಕೆಲಸ ಕೊಡುವಾಕೆ ಅದರ ಜೊತೆ ಒಂದೇ ಸಾಲು ಕಳಿಸಿದ್ದಳು, ಈ ಸಲ ಹುಷಾರು ಅಮ್ಮ ಎಂದು. ಬೆಳಗಿನ ಬಿಸಿಲು ಹಿಂದಿನ ಮನೆಯ ಗೋಡೆಗೆ ಬಡಿದು ಕೋಣೆಯೊಳಗೆ ಬರುವ ಹೊತ್ತಿಗೆ ಕೂತೆ. ಹೆಡ್‌ಫೋನ್ ಹಾಕಿಕೊಂಡೆ. ಪೆಡಲ್ ಒತ್ತಿದೆ.

ಅಧ್ಯಕ್ಷರು ಪೆನ್ನು ಕುಟ್ಟಿದರು. ನಿಟ್ಟುಸಿರು ಕುರ್ಚಿ ಎಳೆದುಕೊಂಡಳು. ಕೆಮ್ಮು ಇದ್ದರು. ನನ್ನ ಬೆರಳುಗಳು ಇಳಿದವು, ‘ಟಕ್’ ಎಂದವು, ಪರದೆಯ ಅಂಚಿನಲ್ಲಿ ‘ಸಮಿತಿ’ ಎಂದು ಪೂರ್ತಿಯಾಗಿ ಬಿತ್ತು, ಎರಡು ಗುಡಿಸು ಹೊತ್ತುಕೊಂಡು. ಮೈ ಹಗುರವಾಯಿತು. ಹೊಸ ಬೀದಿದೀಪಕ್ಕೆ ಬಿಳಿ ಬೆಳಕು ಇರಬೇಕೋ ಹಳದಿ ಇರಬೇಕೋ ಎಂಬ ಚರ್ಚೆಗೆ ಅರ್ಧ ಸಭೆ ಹಿಡಿಯಿತು. ಅಂದ್ರೆಯವರು ಹಳದಿ ಪಕ್ಷ. ಅವರ ಅಂದ್ರೆಗಳನ್ನೆಲ್ಲ ಎಂದಿನಂತೆ ತೆಗೆದು, ಅವರು ಹೇಳಬೇಕೆಂದುಕೊಂಡದ್ದನ್ನು ಮಾತ್ರ ಉಳಿಸಿದೆ. ನಮ್ಮ ಕೆಲಸದ ಕ್ರಮವೇ ಅದು. ಆಡಿದ್ದನ್ನು ಬರೆ, ಕೆಮ್ಮನ್ನು ಬರೆಯಬೇಡ, ನಗುವನ್ನು ಬರೆಯಬೇಡ, ಸಭೆ ಮುಗಿಯಿತು ಎಂದಲ್ಲಿಗೆ ನಿಲ್ಲಿಸು.

ಕೊನೆಯ ವಿಷಯವನ್ನು ಗುಮಾಸ್ತರು ಓದಿದರು. ನಡಾವಳಿಯನ್ನು ಬರೆಸುವ ಬಗ್ಗೆ. ಮಾತು ಕೇಳಿಸಿಕೊಂಡು ತಾನೇ ಅಕ್ಷರ ಮಾಡಿಕೊಡುವ ವ್ಯವಸ್ಥೆ ಈಗ ಬಂದಿದೆ, ಮುಂದಿನ ತಿಂಗಳಿಂದ ಅದನ್ನೇ ಬಳಸಬಹುದು ಎಂದರು. ನನ್ನ ಬೆರಳು ಓಡುತ್ತಲೇ ಇತ್ತು. ಅಕ್ಷರ ಬೀಳುವುದು ಮೊದಲು, ಅರ್ಥ ತಲೆಗೇರುವುದು ಆಮೇಲೆ. ‘ಅದನ್ನೇ ಬಳಸಬಹುದು’ ಎಂದು ಟೈಪ್ ಮಾಡಿ ಮುಗಿಸಿದ ಮೇಲೆ ಕಾಲು ಪೆಡಲಿನಿಂದ ತಾನಾಗಿ ಎದ್ದಿತು. ಕಿವಿಯಲ್ಲಿ ಅವರೆಲ್ಲ ನಿಂತುಬಿಟ್ಟರು.

ಎದ್ದು ನೀರು ಕುಡಿದು ಬಂದೆ. ಮತ್ತೆ ಒತ್ತಿದೆ.

ಕೆಮ್ಮು ಕೇಳಿದರು, “ಈಗ ಯಾರು ಬರೀತಿರೋದು ಇದನ್ನ?”

“ಯಾವುದೋ ಏಜೆನ್ಸಿ ಸಾರ್. ಹೋದ ಸಲ ತಪ್ಪು ಬಹಳ ಇತ್ತು.”

“ಅಂದ್ರೆ, ಯಾರಾದ್ರೂ ಕೂತು ಬರೀತಾರಾ? ಮನುಷ್ಯರು?”

ಒಂದಿಬ್ಬರು ನಕ್ಕರು. ಗುಮಾಸ್ತರು ಗೊತ್ತಿಲ್ಲ ಸಾರ್ ಎಂದರು. ನಿಟ್ಟುಸಿರು ಬಾಯಿ ಬಿಡುತ್ತಾಳೇನೋ ಎಂದು ಕಾದೆ, ಆಕೆ ಉಸಿರು ಎಳೆದುಕೊಂಡದ್ದು ಕೇಳಿತು, ಮಾತು ಬರಲಿಲ್ಲ. ಅಧ್ಯಕ್ಷರು ಆಕ್ಷೇಪಣೆ ಇದೆಯೇ ಎಂದು ಕೇಳಿದರು. ಇರಲಿಲ್ಲ. ದೀಪದ ಬಣ್ಣಕ್ಕೆ ಅರ್ಧ ಸಭೆ ಹಿಡಿದಿತ್ತು, ಇದಕ್ಕೆ ಒಂದು ಕೆಮ್ಮಿನಷ್ಟು ಹೊತ್ತು. ಸರ್ವಾನುಮತದಿಂದ ತೀರ್ಮಾನಿಸಿತು ಎಂದು ಟೈಪ್ ಮಾಡಿದೆ. ‘ರ’, ಒತ್ತು, ಗುಡಿಸು, ಎಲ್ಲ ತಮ್ಮ ತಮ್ಮ ಜಾಗದಲ್ಲಿ ಬಿದ್ದವು. ಅಕ್ಷರಗಳನ್ನು ದೊಡ್ಡದು ಮಾಡಿಕೊಂಡು, ತಲೆ ಓರೆ ಮಾಡಿ, ಒಂದೊಂದೇ ಸಾಲು ತಿರುಗಿ ಓದಿದೆ. ತಪ್ಪಿರಲಿಲ್ಲ.

ಸಭೆ ಮುಗಿಯಿತು ಎಂದು ಅಧ್ಯಕ್ಷರು ಹೇಳಿದ ಮೇಲೆ ನಾನು ಯಾವತ್ತೂ ಕೇಳಿದವಳಲ್ಲ. ಅವತ್ತು ಪೆಡಲ್ ಬಿಡಲಿಲ್ಲ. ಕುರ್ಚಿಗಳು ಹಿಂದೆ ಸರಿದವು. ಯಾರೋ ಡ್ರೈವರನ್ನು ಕರೆದರು. ಕೆಮ್ಮು ದೂರವಾಗುತ್ತ ಹೋಯಿತು, ಬಾಗಿಲಾಚೆಗೂ ಒಂದು ಸಲ ಕೇಳಿತು. ಆಮೇಲೆ ಯಾರೂ ಇಲ್ಲ. ಯಂತ್ರವನ್ನು ಆರಿಸಲು ಮರೆತಿದ್ದರು. ಖಾಲಿ ಸಭಾಂಗಣ ನನ್ನ ಕಿವಿಯೊಳಗೆ ಹಾಗೇ ತೆರೆದುಕೊಂಡಿತ್ತು. ಅಲ್ಲೊಂದು ಫ್ಯಾನಿದೆ, ತಿರುಗುವಾಗ ಕಿರ್ರೆನ್ನುತ್ತದೆ, ಇಷ್ಟು ವರ್ಷ ಮಾತಿನ ಅಡಿಯಲ್ಲಿ ಅದು ನನಗೆ ಕೇಳಿಯೇ ಇರಲಿಲ್ಲ. ಅದನ್ನೇ ಕೇಳುತ್ತ ಕೂತೆ. ನನ್ನ ಕೋಣೆಯ ಬಿಸಿಲು ಮೇಜು ದಾಟಿ ನೆಲಕ್ಕೆ ಇಳಿಯಿತು.

ಎಷ್ಟೋ ಹೊತ್ತಿನ ಮೇಲೆ ಬಕೆಟ್ಟು ಇಟ್ಟ ಸದ್ದು. ಪೊರಕೆ. ಕುರ್ಚಿಗಳನ್ನು ಒಂದೊಂದಾಗಿ ಒಳಗೆ ತಳ್ಳುತ್ತ ಬರುವ ಒಬ್ಬ ಹೆಂಗಸು. ಹತ್ತಿರ ಬಂದಳು, ಬಹಳ ಹತ್ತಿರ, ಅವಳ ಬಳೆಯೂ ಕೇಳಿತು. ಬಾಗಿಲ ಕಡೆ ತಿರುಗಿ ಯಾರಿಗೋ ಕೂಗಿ ಹೇಳಿದಳು.

“ಬಂದೆ ಇರೇ. ಇದೊಂದು ಕೆಂಪು ದೀಪ ಸುಮ್ನೆ ಉರೀತಾ ಇದೆ.”

ಧ್ವನಿಮುದ್ರಣ ಅಲ್ಲಿಗೆ ನಿಂತಿತು.

ಅದು ಸಭೆಯ ಮಾತಲ್ಲ. ಕ್ರಮದ ಪ್ರಕಾರ ಬರೆಯುವಂತಿಲ್ಲ, ಬರೆದರೆ ಕೆಲಸ ಕೊಡುವಾಕೆ ಹೊಡೆದುಹಾಕುತ್ತಾಳೆ. ತೀರ್ಮಾನದ ಕೆಳಗೆ ಒಂದು ಸಾಲು ಬಿಟ್ಟು ಆ ಪೊರಕೆಯವಳ ಮಾತನ್ನು ಅವಳು ಆಡಿದ ಹಾಗೆಯೇ ಟೈಪ್ ಮಾಡಿದೆ, ಒಂದಕ್ಷರ ತಿದ್ದದೆ. ಕಳಿಸಿ, ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟೆ.